ದಣಿದು ಕುಳಿತ ಮಲ್ಲ

ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಕೇಳಿದ ಮೊದಲ ಪ್ರಶ್ನೆಗೇ ನಾನು ಎಡವಟ್ಟು ಮಾಡಿಕೊಂಡೆ. ಯಾಕೆ ಬಂದಿದ್ದೀರಿ ಎಂದು ಕೇಳಿದ. ಗ್ರೀಕ್ ಮೂರ್ತಿಗಳನ್ನು ನೋಡಲು ಬಂದಿದ್ದೇನೆ ಎಂದೆ. ಅವನು ತಲೆಯೆತ್ತಿ ನನ್ನನ್ನೂ ನನ್ನ ಇಳಕಲ್ ಸೀರೆಯನ್ನೂ ನೋಡಿ ಬಹಳ ಗಂಭೀರವಾಗಿ, "ಮೇಡಂ, ಇದು ಜರ್ಮನಿ. ಗ್ರೀಸ್‌ಗೆ ಇನ್ನೂ ಎರಡು ಗಂಟೆ ಹಾರಬೇಕು" ಎಂದ. ಹಿಂದಿನ ಸಾಲಿನಲ್ಲಿದ್ದವರು ನಕ್ಕರು. ಇದೇ ಊರಿನ ಮ್ಯೂಸಿಯಂನಲ್ಲಿ ಹಳೆಯ ಗ್ರೀಕ್ ಶಿಲ್ಪಗಳಿವೆ, ಅವನ್ನೇ ನೋಡಬೇಕು ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಅವನ ಮುಖ ಸಡಿಲಾಯಿತು. "ಓ, ಶಾಲೆಯಿಂದ ಕರೆದುಕೊಂಡು ಹೋಗಿದ್ದರು. ಒಬ್ಬ ಕುಡಿದು ಮಲಗಿದ್ದಾನಲ್ಲ, ಕಾಲು ಚಾಚಿಕೊಂಡು?" ಎಂದು ಕೇಳಿ ಮುದ್ರೆ ಒತ್ತಿದ. ಇಂಥ ಒಬ್ಬ ಅಧಿಕಾರಿಗೆ ಬಾಲ್ಯದಲ್ಲಿ ನೋಡಿದ ಒಂದು ಶಿಲ್ಪದ ಕಾಲು ನೆನಪಿದೆಯಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಆ ದೇಶದ ಬಗ್ಗೆ ನನ್ನ ಮೆಚ್ಚುಗೆ ಶುರುವಾದದ್ದು ಅಲ್ಲಿಂದಲೇ.

ನೊಯ್‌ಬಿಬರ್ಗ್

ನಾನು ಧಾರವಾಡದಲ್ಲಿ ಚಿತ್ರಕಲಾ ಶಾಲೆಯ ಮೇಷ್ಟರು. ಶಿಲ್ಪ ಮಾಡುತ್ತೇನೆ. ನಮ್ಮಲ್ಲಿ ಹೆಂಗಸರನ್ನೂ ಮೇಷ್ಟರು ಎಂದೇ ಹುಡುಗರು ಕರೆಯುತ್ತಾರೆ. ಮನೆಯ ಹಿಂದೆ ತಗಡಿನ ಶೆಡ್ ಇದೆ, ಅದರಲ್ಲಿ ಮಣ್ಣು, ಪ್ಲಾಸ್ಟರ್, ಎರಕದ ಸಾಮಾನು. ಇಷ್ಟು ದೂರ ಬರಲು ಕಾರಣ ಒಬ್ಬ ಪೈಲ್ವಾನರು.

ಗೋಕಾಕದ ಕಡೆಯ ಒಂದು ಊರಿನ ಬಸಪ್ಪ ಪೈಲ್ವಾನರು ತೀರಿಕೊಂಡ ಮೇಲೆ ಅವರ ಕಂಚಿನ ಮೂರ್ತಿಯನ್ನು ಗರಡಿ ಮನೆಯ ಮುಂದೆ ನಿಲ್ಲಿಸಬೇಕೆಂದು ಊರಿನವರು ಕಮಿಟಿ ಮಾಡಿಕೊಂಡಿದ್ದರು. ಕೆಲಸ ನನಗೆ ಬಂತು. ತೊಡೆ ತಟ್ಟಿ ನಿಂತ ಪೈಲ್ವಾನನ ಮಣ್ಣಿನ ಮಾದರಿ ಮಾಡಿದೆ. ಕಮಿಟಿಯವರಿಗೆ ಹಿಡಿಸಿತು. ಆದರೆ ಬಸಪ್ಪನವರ ಹೆಂಡತಿ ನೀಲವ್ವ ಒಪ್ಪದೆ ಮುಂದುವರಿಯುವುದಿಲ್ಲ ಎಂದು ಅವರೇ ತೀರ್ಮಾನ ಮಾಡಿಕೊಂಡಿದ್ದರು. ನೀಲವ್ವ ಬಂದರು, ಮಾದರಿಯನ್ನು ಸುತ್ತು ಹಾಕಿ ನೋಡಿದರು. "ಕ್ಯಾಲೆಂಡರ್‌ನ್ಯಾಗಿನ ಹನುಮಪ್ಪ ಇದ್ದಂಗ ಆಗೇತಿ ನೋಡವ್ವಾ" ಎಂದರು. ಕುಸ್ತಿಯಲ್ಲಿ ಅವರು ಗೆದ್ದ ಗದೆಯನ್ನು ಹೆಗಲಿಗಿಟ್ಟು ಎರಡನೆಯದನ್ನು ಮಾಡಿದೆ. ನಾಲ್ಕು ತಿಂಗಳ ಕೆಲಸ. ಅದನ್ನು ನೋಡಿ ನೀಲವ್ವ, "ತಂಗಿ, ಕೆಲಸಾ ಭಾಳ ಚಂದ ಮಾಡೀದಿ. ಖರೇ, ಇಂವ ನನ್ನ ಗಂಡ ಅಲ್ಲ" ಎಂದರು.

ಕಮಿಟಿಯವರು ಇನ್ನೊಂದೇ ಅವಕಾಶ ಎಂದು ಮರ್ಯಾದೆಯಿಂದಲೇ ಹೇಳಿದರು. ಆ ಮೇಲೆ ಎರಡು ತಿಂಗಳು ನಾನು ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಇಪ್ಪತ್ತೈದು ವರ್ಷ ಹುಡುಗರಿಗೆ ಸ್ನಾಯು, ಎಲುಬು, ಮೈಮಾಟ ಎಂದು ಪಾಠ ಹೇಳಿದವಳಿಗೆ ಒಬ್ಬ ಮನುಷ್ಯನನ್ನು ಮಾಡಲು ಬರುವುದಿಲ್ಲವೇ ಎಂಬುದು ಊಟಕ್ಕೆ ಕೂತರೂ ಎದುರಿಗೆ ಬಂದು ಕೂರುತ್ತಿತ್ತು. ಮಲ್ಲರ ಮೈಯನ್ನು ಕಲ್ಲಿನಲ್ಲಿ ಕಂಡವರೆಂದರೆ ಗ್ರೀಕರು ಎಂದು ಓದಿದ್ದೆ, ಪುಸ್ತಕದ ಚಿತ್ರಗಳಲ್ಲಿ ಮಾತ್ರ ನೋಡಿದ್ದೆ. ಅದೇ ಹೊತ್ತಿಗೆ ಚಿಕ್ಕಪ್ಪನ ಮಗ ಗಿರೀಶ ಫೋನ್ ಮಾಡಿ, "ಅಕ್ಕಾ, ಎಷ್ಟ ವರ್ಷದಿಂದ ಕರಿಯಾಕತ್ತೀನಿ, ಈ ಸರ್ತಿ ಬಂದೇ ಬಿಡು" ಎಂದ.

ಗಿರೀಶ ಮ್ಯೂನಿಕ್ ಪಕ್ಕದ ನೊಯ್‌ಬಿಬರ್ಗ್‌ನಲ್ಲಿ ಚಿಪ್ ಮಾಡುವ ಕಂಪನಿಯ ಎಂಜಿನಿಯರ್. ಅವನ ಹೆಂಡತಿ ಸುಜಾತಾ ಹುಬ್ಬಳ್ಳಿಯವಳು, ಫಿಸಿಯೋಥೆರಪಿಸ್ಟ್. ಇಲ್ಲಿಗೆ ಬಂದು ಮತ್ತೆ ಜರ್ಮನ್‌ನಲ್ಲಿ ಪರೀಕ್ಷೆ ಬರೆದು, ಈಗ ದಿನವಿಡೀ ಜರ್ಮನ್ ಮಂಡಿ, ಸೊಂಟ, ಹೆಗಲುಗಳನ್ನು ಸರಿ ಮಾಡುತ್ತಾಳೆ. ಮೊದಲ ದಿನ ಬೆಳಿಗ್ಗೆ ಚಹಾ ಸೋಸಿ ಗಷ್ಟನ್ನು ಕೈಗೆ ಸಿಕ್ಕ ಡಬ್ಬಿಗೆ ಹಾಕಿದೆ. ಸುಜಾತಾ ಓಡಿ ಬಂದಳು. "ಅಕ್ಕಾರ, ಅದು ಪೇಪರ್ರಿಂದು! ಚಹಾಪುಡಿ ಬಯೋ ಡಬ್ಬಿಗೆ, ಪ್ಲಾಸ್ಟಿಕ್ ಹಳದಿ ಚೀಲಕ್ಕ. ನಾವೂ ಮೊದಲ ವರ್ಷ ಎಲ್ಲಾ ಕಲಸಿ ಹಾಕಿ ಬೈಸಿಕೊಂಡೇವಿ." ಕಸವನ್ನು ನಾಲ್ಕು ಜಾತಿ ಮಾಡಿಟ್ಟ ಆ ಅಡುಗೆಮನೆಯಲ್ಲಿ ನಾನು ಎರಡು ವಾರ ಕೈಯಲ್ಲಿ ಸಿಪ್ಪೆ ಹಿಡಿದುಕೊಂಡೇ ಓಡಾಡಿದೆ.

ಮ್ಯೂನಿಕ್

ಸುಜಾತಾ ರಜೆ ಹಾಕಿ ನನ್ನ ಜೊತೆ ಬಂದಳು. ಎಸ್-ಬಾನ್ ರೈಲಿನಲ್ಲಿ ಹೋಗಿ, ಸ್ವಲ್ಪ ನಡೆದು, ಕಂಬಗಳ ಸಾಲಿನ ದೊಡ್ಡ ಕಟ್ಟಡದ ಮುಂದೆ ನಿಂತೆವು. ಒಳಗೆ ನಾನು ಎಣಿಸಿದ ಆಡಂಬರ ಏನೂ ಇಲ್ಲ. ಇಟ್ಟಿಗೆ ಗೋಡೆ, ಕಮಾನು, ಮೇಲಿನಿಂದ ಬರುವ ಬೆಳಕು. ಯುದ್ಧದಲ್ಲಿ ಬಾಂಬು ಬಿದ್ದು ಹಳೆಯ ಚಿತ್ತಾರವೆಲ್ಲ ಹಾಳಾಯಿತಂತೆ. ಮತ್ತೆ ಕಟ್ಟುವಾಗ ಗೋಡೆಗಳನ್ನು ಹೀಗೇ ಸಾದಾ ಬಿಟ್ಟರಂತೆ. ಮೂರ್ತಿಗಳ ಸುತ್ತ ಹಗ್ಗವಿಲ್ಲ, ಗಾಜಿನ ಪೆಟ್ಟಿಗೆ ಇಲ್ಲ. ಮನೆಗೆ ಬಂದ ನೆಂಟರ ನಡುವೆ ಓಡಾಡಿದಂತೆ ಅವುಗಳ ನಡುವೆ ಓಡಾಡಬಹುದು.

ಸುಜಾತಾ ಮೊದಲ ಸಲ ಬಂದಿದ್ದಳು. ಶಿಲ್ಪದ ಬಗ್ಗೆ ತನಗೇನೂ ಗೊತ್ತಿಲ್ಲ ಎಂದು ಹೇಳಿಕೊಂಡೇ ಒಳಗೆ ಬಂದವಳು ಹತ್ತು ನಿಮಿಷದಲ್ಲಿ ನನ್ನನ್ನೇ ಎಳೆದುಕೊಂಡು ಹೋಗತೊಡಗಿದಳು. "ಅಕ್ಕಾರ, ಇಂವ ನೋಡ್ರಿ, ಕಂಬದಂಗ ನಿಂತಾನ, ಎರಡೂ ಕಾಲ ಮ್ಯಾಲ ವೇಟ್ ಐತಿ. ಈ ಕಡೆ ಇಂವ, ಪೂರಾ ಬಲಗಾಲ ಮ್ಯಾಲ. ಅದಕ್ಕ ಹಿಪ್ ಮ್ಯಾಲೆದ್ದೈತಿ, ಹೆಗಲು ಈ ಬಾಜು ಇಳದೈತಿ. ಕರೆಕ್ಟ್ ಐತ್ರಿ!" ನಮ್ಮ ಶಿಲ್ಪಗಳ ಭಂಗಗಳ, ಅಂದರೆ ಮೈ ಬಾಗಿಸಿ ನಿಲ್ಲುವ ನಿಲುವುಗಳ ಬಗ್ಗೆ ಅವಳಿಗೆ ಹೇಳಿದೆ. ಬೇಲೂರಿನ ಮದನಿಕೆಯರು ಕೂಡ ಸೊಂಟ ವಾಲಿಸಿ ನಿಲ್ಲುತ್ತಾರೆ, ಆದರೆ ಅವರಿಗೆ ಭಾರವಿಲ್ಲ, ತಾಳಕ್ಕೆ ನಿಂತವರು. ಇವನು ಭಾರಕ್ಕೆ ನಿಂತವನು. ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ನನಗೆ ಬರಲಿಲ್ಲ. ನನ್ನ ಬಸಪ್ಪನವರು ಮಾತ್ರ ಈ ಎರಡರಲ್ಲಿ ಒಂದೂ ಅಲ್ಲದೆ ಸುಮ್ಮನೆ ಫೋಟೊಗೆ ನಿಂತಿದ್ದರು ಎಂಬುದು ಅಲ್ಲೇ ಗೊತ್ತಾಯಿತು.

ದೊಡ್ಡ ಕೋಣೆಯಲ್ಲಿ ಒಂದು ಗ್ರೀಕ್ ದ್ವೀಪದ ದೇವಾಲಯದ ಯೋಧರಿದ್ದಾರೆ. ದೇವಾಲಯದ ಮುಂದಿನ ಹಾಗೂ ಹಿಂದಿನ ಮಾಡಿನ ತ್ರಿಕೋನಗಳಲ್ಲಿ ಕಾದಾಡುತ್ತಿದ್ದವರು ಈಗ ಕೈಗೆಟುಕುವ ಎತ್ತರದಲ್ಲಿದ್ದಾರೆ. ಒಂದು ಮೂಲೆಯಲ್ಲಿ ಎದೆಗೆ ನಾಟಿದ ಬಾಣವನ್ನು ಕೀಳುತ್ತಾ ಒಬ್ಬ ಸಾಯುತ್ತಿದ್ದಾನೆ, ತುಟಿಯಲ್ಲಿ ನಗು. ಆಗಿನ ಶಿಲ್ಪಿಗಳಿಗೆ ಮುಖ ಎಂದರೆ ನಗುವೇ. ಇನ್ನೊಂದು ಕಡೆಯ ಮೂಲೆಯಲ್ಲಿ ಗಡ್ಡದ ಯೋಧನೊಬ್ಬ ತನ್ನ ಗುರಾಣಿಯ ಮೇಲೇ ಕುಸಿಯುತ್ತಿದ್ದಾನೆ. ಅವನು ನಗುತ್ತಿಲ್ಲ. ತಲೆ ವಾಲಿದೆ, ಇನ್ನೇನು ಮುಖ ನೆಲಕ್ಕೆ ತಾಗಬೇಕು. ಈ ಇಬ್ಬರ ನಡುವೆ ಹೆಚ್ಚು ಕಾಲದ ಅಂತರವಿಲ್ಲವಂತೆ. ಮಗ ಅಪ್ಪನಿಗಿಂತ ಬೇರೆಯಾಗಿ ಯೋಚಿಸಿದಷ್ಟು ಅಂತರ.

ನಾನು ಆ ಗಡ್ಡದವನ ಮುಂದೆ ಕೂತೆ. ನಮ್ಮ ವೀರಗಲ್ಲುಗಳು ನೆನಪಾದವು. ಕೆಳಗಿನ ಸಾಲಿನಲ್ಲಿ ವೀರ ಕಾದಾಡುತ್ತಾನೆ, ನಡುವಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ಮೇಲಿನ ಸಾಲಿನಲ್ಲಿ ಶಿವನ ಮುಂದೆ ಕೂತಿರುತ್ತಾನೆ. ಅವನು ಬೀಳುವ ಗಳಿಗೆಯನ್ನು ನಮ್ಮ ಶಿಲ್ಪಿ ಬಿಟ್ಟುಬಿಡುತ್ತಾನೆ. ಬಿದ್ದವನ ಮನೆಯವರ ಮುಂದೆ ಅದನ್ನು ಹೇಗೆ ಕೆತ್ತುವುದು ಎಂಬ ದಾಕ್ಷಿಣ್ಯವೋ ಏನೋ. ಇಲ್ಲಿಯವನು ಆ ಗಳಿಗೆಯೊಂದನ್ನೇ ಹಿಡಿದು ಕೂತಿದ್ದಾನೆ.

ಆಮೇಲೆ ಸುತ್ತಿ ಹಿಂದೆ ಹೋದೆ. ಈ ಮೂರ್ತಿಗಳು ಗೋಡೆಗೆ ಬೆನ್ನು ಮಾಡಿ ಅಷ್ಟು ಎತ್ತರದಲ್ಲಿದ್ದವು. ಅವುಗಳ ಹಿಂಭಾಗವನ್ನು ಯಾರೂ ನೋಡುವಂತೆಯೇ ಇರಲಿಲ್ಲ. ಆದರೂ ಬೆನ್ನು ಪೂರ್ತಿ ಕೆತ್ತಿದ್ದಾರೆ. ಹೆಗಲ ಎಲುಬು, ಬೆನ್ನೆಲುಬಿನ ಗುಳಿ, ಪಕ್ಕೆ, ಒಂದನ್ನೂ ಬಿಟ್ಟಿಲ್ಲ. ನನಗೆ ನಾಚಿಕೆಯಾಯಿತು. ನನ್ನ ಎರಡೂ ಮಾದರಿಗಳ ಬೆನ್ನು ಒರಟಾಗಿಯೇ ಇತ್ತು. ಗರಡಿ ಮನೆಯ ಗೋಡೆಗೆ ತಾಗಿ ನಿಲ್ಲುವ ಮೂರ್ತಿಯ ಬೆನ್ನನ್ನು ಯಾರು ನೋಡುತ್ತಾರೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಬಸಪ್ಪನವರ ಬೆನ್ನು ಹೇಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಬಳಿ ಇದ್ದ ಫೋಟೊಗಳೆಲ್ಲ ಮುಂದಿನಿಂದ ತೆಗೆದವು.

ಯೋಚಿಸುತ್ತಾ ನಿಂತವಳ ಕೈ ತಾನಾಗಿ ಆ ಯೋಧನ ಹೆಗಲ ಎಲುಬಿನತ್ತ ಹೋಯಿತು. ಒಂದು ಬೆರಳಿನಷ್ಟು ದೂರವಿದ್ದಾಗ ಹಿಂದಿನಿಂದ ಮೆಲ್ಲಗೆ ಒಂದು ದನಿ. ಕಾವಲಿನ ಹೆಂಗಸು. ಕೂದಲು ನೆರೆತಿತ್ತು, ಕಾಲಲ್ಲಿ ಸದ್ದಿಲ್ಲದ ಬೂಟು. ನಾನು ಕೈ ಎಳೆದುಕೊಂಡು ತಪ್ಪಾಯಿತು ಎಂದು ಕೈಮುಗಿದೆ. ಅವರು ಬೈಯಲಿಲ್ಲ. ನನ್ನ ಬೆರಳುಗಳನ್ನೂ ಅಂಗೈಯಲ್ಲಿ ದಡ್ಡುಗಟ್ಟಿದ್ದನ್ನೂ ನೋಡಿ ಸುಜಾತಾಳಿಗೆ ಏನೋ ಹೇಳಿದರು. ಸುಜಾತಾ ನಕ್ಕಳು. "ನೀವು ಶಿಲ್ಪಿ ಅದೀರೇನು ಅಂತ ಕೇಳಾಕತ್ತಾರ. ಇಲ್ಲಿ ಮುಟ್ಟಾಕ ಹೋಗೋರು ಎರಡ ನಮೂನಿ ಮಂದಿ ಅಂತ. ಸಣ್ಣ ಹುಡುಗ್ರು, ಇಲ್ಲಾ ಶಿಲ್ಪಿಗಳು." ಮುಟ್ಟಲೇಬೇಕೆಂದರೆ ಗಿಪ್ಸ್ ಹುಡುಕಿ ಎಂದೂ ಆಕೆ ಹೇಳಿದರಂತೆ. ಗಿಪ್ಸ್ ಅಂದರೆ ನಮ್ಮ ಪ್ಲಾಸ್ಟರ್. ಎಲ್ಲೆಲ್ಲಿಯೋ ಇರುವ ಗ್ರೀಕ್ ಮೂರ್ತಿಗಳ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಕಲಿಯುವವರಿಗೆಂದು ಇಲ್ಲಿನ ಹಳೆಯ ವಿದ್ಯಾಪೀಠಗಳು ಇಟ್ಟುಕೊಂಡಿವೆ. ಯೇನಾ ಎಂಬ ಊರಿನ ವಿದ್ಯಾಪೀಠದಲ್ಲಿ ಅಂಥದ್ದನ್ನು ನೋಡಿಕೊಳ್ಳುವ ಉರ್ಸುಲಾ ಎಂಬ ಮಹಿಳೆ ಸುಜಾತಾಳ ಬಳಿ ಹೆಗಲು ನೋವಿಗೆ ಬಂದವರೊಬ್ಬರ ಅಕ್ಕ. ಅಲ್ಲಿಯೇ ಮೆಟ್ಟಿಲ ಮೇಲೆ ಕೂತು ಸುಜಾತಾ ಅವರಿಗೆ ಫೋನ್ ಮಾಡಿದಳು.

ದಾರಿ ತಪ್ಪಿದ ಊರು

ಯೇನಾಕ್ಕೆ ಹೊರಟ ದಿನ ಒಂದು ರೈಲು ಬದಲಿಸಿ ಇನ್ನೊಂದನ್ನು ಹತ್ತಿ, ಸುಜಾತಾ ಕಟ್ಟಿಕೊಂಡು ಬಂದ ಅವಲಕ್ಕಿ ಬಿಚ್ಚಿದೆವು. ಆ ರೈಲು ನಡುದಾರಿಯಲ್ಲಿ ಎರಡಾಗಿ ಒಡೆಯುತ್ತದೆ, ಮುಂದಿನ ಡಬ್ಬಿಗಳು ಒಂದು ಊರಿಗೆ, ಹಿಂದಿನವು ಇನ್ನೊಂದು ಊರಿಗೆ ಹೋಗುತ್ತವೆ. ಅದನ್ನು ಮೈಕಿನಲ್ಲಿ ಹೇಳಿದ್ದರು. ನಾವು ಆಗ ನೀಲವ್ವನ ಬಗ್ಗೆ ಮಾತಾಡುತ್ತಿದ್ದೆವು. ಹೊಲಗಳ ನಡುವಿನ ಒಂದು ಪುಟ್ಟ ಸ್ಟೇಷನ್ ಬಂದಾಗ ಸುಜಾತಾ ಕಿಟಕಿಯಾಚೆಯ ಬೋರ್ಡ್ ಓದಿ, "ಅಯ್ಯ, ಅಕ್ಕಾರ, ಇದು ನಮ್ಮ ಊರಲ್ಲ, ನಮ್ಮ ದಾರೀನೂ ಅಲ್ಲ" ಎಂದಳು.

ಇಳಿದೆವು. ಸ್ಟೇಷನ್ನಿನಲ್ಲಿ ಒಬ್ಬ ಸಿಬ್ಬಂದಿಯೂ ಇಲ್ಲ. ಬೆಂಚಿನ ಮೇಲೆ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಸುಜಾತಾ ಕೇಳಿದಾಗ ಆ ಯಜಮಾನರು ಪೆನ್ನು ತೆಗೆದು, ನಾವು ಹಿಂದಿರುಗಬೇಕಾದ ರೈಲು, ಇಳಿಯಬೇಕಾದ ಸ್ಟೇಷನ್, ಪ್ಲಾಟ್‌ಫಾರ್ಮ್, ಎಲ್ಲವನ್ನೂ ಶಾಲೆಯ ಮಗುವಿಗೆ ಬರೆದುಕೊಡುವಂತೆ ಬರೆದು, ಕೊನೆಯಲ್ಲಿ ಎರಡು ಗೆರೆ ಎಳೆದು ಹೀಗೆಂದು ಬರೆದರು: ಮುಂದಿನ ಡಬ್ಬಿ! ಅವರ ಹೆಂಡತಿ ಹೆಚ್ಚಿದ ಸೇಬಿನ ಡಬ್ಬಿಯನ್ನು ಮಾತಿಲ್ಲದೆ ನಮ್ಮ ಕಡೆ ಚಾಚಿದರು. ನಾನು ಅವಲಕ್ಕಿ ಚಾಚಿದೆ. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಹಿಡಿ ತೆಗೆದುಕೊಂಡರು.

ಕಾಯಬೇಕಾದ ಒಂದೂವರೆ ಗಂಟೆಯಲ್ಲಿ ನಾನು ಬೆಂಚಿನ ಹಿಂದೆ ಹೋಗಿ ನಿಂತು ಆ ಇಬ್ಬರ ಬೆನ್ನನ್ನು ಚಿತ್ರಿಸಿದೆ. ಗಂಡನ ಬೆನ್ನು ಎಡಕ್ಕೆ ಬಾಗಿತ್ತು, ಹೆಂಡತಿ ಕೂತ ಕಡೆಗೆ. ಬಹಳ ವರ್ಷ ಒಂದೇ ಕಡೆ ಕಿವಿ ಕೊಟ್ಟು ಕೇಳಿದವನ ಬೆನ್ನು. ನಮ್ಮ ರೈಲು ಬರುವ ತನಕ ಅವರು ಕದಲಲಿಲ್ಲ. ನಾವು ಸರಿಯಾದ ರೈಲನ್ನೇ ಹತ್ತಿದೆವೋ ಎಂದು ಆ ಯಜಮಾನರು ಎದ್ದು ಬಂದು ನೋಡಿ, ಆಮೇಲೆ ಕೈ ಬೀಸಿದರು. ಅವರು ರೈಲಿಗೆ ಕಾದವರೇ ಅಲ್ಲ, ಸಂಜೆ ಗಾಳಿಗೆ ಬಂದು ಕೂರುವವರಂತೆ. ನಮಗಾಗಿಯೇ ಅಷ್ಟು ಹೊತ್ತು ಕೂತಿದ್ದರು.

ಯೇನಾ

ಮರುದಿನ ಬೆಳಿಗ್ಗೆ ಉರ್ಸುಲಾ ನಮ್ಮನ್ನು ನೆಲಮಾಳಿಗೆಗೆ ಇಳಿಸಿದರು. ಅರವತ್ತರ ಆಸುಪಾಸು, ಗಿಡ್ಡ ಆಳು, ಏಪ್ರನ್ನಿನ ತುಂಬ ಬಿಳಿ ಧೂಳು. ಆ ಧೂಳಿನ ವಾಸನೆಗೆ ನನಗೆ ಧಾರವಾಡದ ಶೆಡ್ಡಿಗೆ ಹೋದಂತಾಯಿತು. ಮುಟ್ಟಬಹುದು, ಆದರೆ ಎರಡು ಷರತ್ತು ಎಂದರು. ಕೈ ತೊಳೆಯಬೇಕು, ಉಂಗುರ ಬಳೆ ತೆಗೆಯಬೇಕು, ಪ್ಲಾಸ್ಟರ್ ಗೀಚಿದರೆ ಹೋಯಿತು.

ಉಂಗುರ ತೆಗೆದೆ. ಹಸಿರು ಗಾಜಿನ ಬಳೆಗಳ ಹತ್ತಿರ ಬಂದಾಗ ಕೈ ನಿಂತಿತು. ನಾನು ಮಡಿವಂತಳಲ್ಲ. ಆದರೂ ಮನೆಯಿಂದ ಅಷ್ಟು ದೂರದಲ್ಲಿ, ಗಂಡ ಒಬ್ಬರೇ ಧಾರವಾಡದಲ್ಲಿರುವಾಗ, ಬರಿಗೈ ಮಾಡಿಕೊಳ್ಳಲು ಮನಸ್ಸು ಬರಲಿಲ್ಲ. ಉರ್ಸುಲಾ ನನ್ನ ಮುಖ ನೋಡಿ ಸುಜಾತಾಳನ್ನು ಕೇಳಿದರು. ಅವಳು ಹೇಳಿದ್ದನ್ನು ಕೇಳಿ ತಲೆಯಾಡಿಸಿ, ಮೇಜಿನ ಖಾನೆಯಿಂದ ಹತ್ತಿಯ ಪಟ್ಟಿ ತೆಗೆದು ನನ್ನ ಎರಡೂ ಮುಂಗೈಗಳಿಗೆ ಬಳೆಗಳ ಮೇಲೇ ಸುತ್ತಿ ಗಂಟು ಹಾಕಿದರು. ಗಾಯಕ್ಕೆ ಪಟ್ಟಿ ಕಟ್ಟುವ ನರ್ಸಿನಂತೆ ನಿಧಾನವಾಗಿ, ಒಂದು ಬಳೆಯೂ ಒಡೆಯದಂತೆ.

ಅಲ್ಲಿ ದೇವತೆಗಳಿದ್ದರು, ಕುದುರೆ ತಲೆಗಳಿದ್ದವು, ಓಟಗಾರರಿದ್ದರು. ನಾನು ಎಲ್ಲವನ್ನೂ ದಾಟಿ ಒಂದು ಮೂಲೆಯಲ್ಲಿ ನಿಂತುಬಿಟ್ಟೆ. ಅಲ್ಲಿ ಒಬ್ಬ ಕೂತಿದ್ದ. ಮುಷ್ಟಿ ಕಾಳಗದ ಜಟ್ಟಿ. ಮೂಲ ಕಂಚಿನದು ರೋಮಿನಲ್ಲಿದೆಯಂತೆ, ಇದು ಅದರ ಪ್ಲಾಸ್ಟರ್ ಎರಕ. ಕಾಳಗ ಈಗಷ್ಟೇ ಮುಗಿದಿದೆ. ಮೊಣಕೈಗಳನ್ನು ತೊಡೆಯ ಮೇಲೆ ಊರಿದ್ದಾನೆ, ಚರ್ಮದ ಪಟ್ಟಿ ಸುತ್ತಿದ ಕೈಗಳು ಮಂಡಿಗಳ ನಡುವೆ ಇಳಿಬಿದ್ದಿವೆ. ಮೂಗು ಮುರಿದಿದೆ, ಮುಖದಲ್ಲಿ ಸೀಳಿದ ಗೆರೆಗಳು. ಯಾರೋ ಕರೆದಂತೆ ತಲೆಯನ್ನು ಒಂದು ಕಡೆ ತಿರುಗಿಸಿ ಮೇಲೆ ನೋಡುತ್ತಿದ್ದಾನೆ.

ಮೊದಲು ಕಿವಿ ಮುಟ್ಟಿದೆ. ಜಜ್ಜಿ ಊದಿ ಗಂಟಾದ ಕಿವಿ. ಮಣ್ಣಿನ ಅಖಾಡಾದಲ್ಲಿ ತಲೆ ತಿಕ್ಕಿ ತಿಕ್ಕಿ ನಮ್ಮ ಪೈಲ್ವಾನರ ಕಿವಿಗಳೂ ಹೀಗೇ ಆಗುತ್ತವೆ. ಬಸಪ್ಪನವರ ಫೋಟೊಗಳಲ್ಲಿ ಅದು ಎದ್ದು ಕಾಣುತ್ತಿತ್ತು. "ಕಿವಿ ಒಂದೀಟ ನೆಟ್ಟಗ ಮಾಡ್ರಿ ಮೇಡಂ, ನೋಡಾಕ ಚಂದ ಕಾಣ್ಲಿ" ಎಂದು ಕಮಿಟಿಯವರು ಹೇಳಿದ್ದರು. ನಾನು ಎರಡು ಸಲವೂ ನೆಟ್ಟಗೆ ಮಾಡಿದ್ದೆ. ಈ ಗ್ರೀಕ್ ಶಿಲ್ಪಿಗೂ ಯಾರಾದರೂ ಹಾಗೆ ಹೇಳಿರಬಹುದು. ಅವನು ಕೇಳಿಲ್ಲ.

ಉರ್ಸುಲಾ ಕಣ್ಣು ಮುಚ್ಚಿಕೊಳ್ಳಿ ಎಂದು ಕೈಸನ್ನೆ ಮಾಡಿದರು. ಕಣ್ಣು ಮುಚ್ಚಿ ಕುತ್ತಿಗೆಯಿಂದ ಕೆಳಗೆ ಕೈ ಆಡಿಸಿದೆ. ಎಂಥ ಬೆನ್ನು! ಕಲ್ಲುಬಂಡೆಯಂತೆ ಅಗಲ, ಆದರೆ ಒಳಗಿನಿಂದ ಏನೋ ಅದನ್ನು ತಳ್ಳುತ್ತಿದೆ. ಏನೆಂದು ತಿಳಿಯಲಿಲ್ಲ. ಸುಜಾತಾ ಪಕ್ಕಕ್ಕೆ ಬಂದು ತಾನೂ ಅವನ ಪಕ್ಕೆಗೆ ಕೈಯಿಟ್ಟಳು, ಪೇಷಂಟನ್ನು ಮುಟ್ಟುವ ಹಾಗೆ.

"ಉಸಿರು ಅಕ್ಕಾರ" ಎಂದಳು. "ಉಸಿರು ಎಳಕೊಳ್ಳಾಕತ್ತಾನ. ದಮ್ಮು ಹತ್ತಿದಾಗ ಕೈ ತೊಡಿ ಮ್ಯಾಲ ಊರಿ ಕುಂತ್ರ ಎದಿ ತೆರಕೋತದ. ನಮ್ಮ ಪೇಷಂಟ್‌ಗಳಿಗೆ ಹಿಂಗ ಕೂಡ್ರಿ ಅಂತ ನಾವ ಹೇಳ್ತೀವಿ. ಇಂವಗ ಯಾರೂ ಹೇಳಿಲ್ಲ, ಮೈಗೇ ಗೊತ್ತೈತಿ."

"ಸೋತಾನೇನು ಇಂವ?" ಎಂದು ಕೇಳಿದೆ.

"ಗೆದ್ದಾನೋ ಸೋತಾನೋ ಹೆಂಗ ಹೇಳೂದ್ರಿ? ಗೆದ್ದವ್ರಿಗೂ ದಮ್ಮ ಹತ್ತೇ ಹತ್ತತೈತಿ."

ನನ್ನ ಕಣ್ಣು ತುಂಬಿ ಬಂತು. ನಾನು ಬಸಪ್ಪನವರನ್ನು ಗೆದ್ದವರನ್ನಾಗಿ ಮಾಡಿದ್ದೆ. ಜನ ಚಪ್ಪಾಳೆ ತಟ್ಟಿ ಮನೆಗೆ ಹೋದ ಮೇಲೆ ಅವರು ಎಲ್ಲಿ ಕೂತಿರುತ್ತಿದ್ದರು, ಹೇಗೆ ಕೂತಿರುತ್ತಿದ್ದರು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ನೀಲವ್ವನಿಗೆ ಗೊತ್ತಿದ್ದ ಬಸಪ್ಪ ಆ ಹೊತ್ತಿನ ಬಸಪ್ಪನೇ ಇರಬೇಕು. ಸಂಜೆಯ ತನಕ ಅಲ್ಲೇ ನೆಲದ ಮೇಲೆ ಕೂತು ಆ ಜಟ್ಟಿಯನ್ನು ಹತ್ತು ಕಡೆಯಿಂದ ಚಿತ್ರಿಸಿದೆ. ಹೊರಡುವಾಗ ಉರ್ಸುಲಾ ನನ್ನ ಕೈಯ ಪಟ್ಟಿ ಬಿಚ್ಚಿ, ಬಳೆಗಳನ್ನು ಒಂದೊಂದಾಗಿ ಎಣಿಸಿ, ಎಲ್ಲ ಇವೆ ಎಂದು ಬೆರಳು ತೋರಿಸಿ ನಕ್ಕರು.

ಭಾನುವಾರ

ನೊಯ್‌ಬಿಬರ್ಗ್‌ಗೆ ಮರಳುವಾಗ ದಾರಿಯಲ್ಲೇ ಹತ್ತು ಕಿಲೋ ಜೇಡಿಮಣ್ಣು ಕೊಂಡುಕೊಂಡೆ. ಊರಿಗೆ ಹೋಗುವ ತನಕ ಕಾಯುವ ತಾಳ್ಮೆ ಇರಲಿಲ್ಲ. ಮರುದಿನ ಗಿರೀಶನ ಅಡುಗೆಮನೆಯ ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಮಣ್ಣನ್ನು ಹದ ಮಾಡಲು ಎತ್ತಿ ಎತ್ತಿ ನೆಲಕ್ಕೆ ಬಡಿಯತೊಡಗಿದೆ. ಒಳಗಿನ ಗಾಳಿ ಹೋಗಬೇಕಾದರೆ ಹಾಗೆ ಬಡಿಯಲೇಬೇಕು. ಗಿರೀಶ ಮಾರುಕಟ್ಟೆಗೆ ಹೋಗೋಣವೆಂದರೆ ಅಂಗಡಿಗಳೆಲ್ಲ ಬಂದ್ ಎಂದು ಗೊಣಗುತ್ತಾ ಸ್ನಾನಕ್ಕೆ ಹೋಗಿದ್ದ. ಅದು ಭಾನುವಾರ. ಭಾನುವಾರ ಈ ದೇಶದಲ್ಲಿ ಗೋಡೆಗೊಂದು ಮೊಳೆ ಸಹ ಹೊಡೆಯುವಂತಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ಹತ್ತೇ ನಿಮಿಷಕ್ಕೆ ಕರೆಗಂಟೆಯ ಸದ್ದಾಯಿತು. ಕೆಳಮನೆಯ ಹೆರ್ ಬ್ರಾಂಡಲ್, ಹೆರ್ ಎಂದರೆ ನಮ್ಮ ಶ್ರೀಯುತ. ಎಪ್ಪತ್ತು ದಾಟಿದವರು, ಎತ್ತರದ ಆಳು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. ಮುಖ ಕೆಂಪಾಗಿತ್ತು. ಸಿಟ್ಟಿಗಿಂತ ಹೆಚ್ಚು ಏದುಸಿರಿತ್ತು. "ರೂಹೆಟ್ಸೈಟ್!" ಎಂದರು. ವಿಶ್ರಾಂತಿಯ ಹೊತ್ತು ಎಂದರ್ಥ. ಮುಂದೆ ಮಾತಾಡಲು ಆಗಲಿಲ್ಲ. ಸುಜಾತಾ ಅವರ ತೋಳು ಹಿಡಿದು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿದಳು. ಅವರು ಮೊಣಕೈಗಳನ್ನು ತೊಡೆಯ ಮೇಲೆ ಊರಿದರು. ದೊಡ್ಡ ಕೈಗಳು ಮಂಡಿಗಳ ನಡುವೆ ಇಳಿಬಿದ್ದವು. ಸುಜಾತಾ ಏನೋ ಕೇಳಿದಾಗ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಮೇಲೆ ನೋಡಿದರು.

ನಾನು ಕೈಯಲ್ಲಿ ಮಣ್ಣಿನ ಮುದ್ದೆ ಹಿಡಿದು ನಿಂತಲ್ಲೇ ನಿಂತೆ.

"ಸುಜಾತಾ, ಅವ್ರಿಗೆ ಹಂಗೇ ಕೂಡ್ರಾಕ ಹೇಳು."

"ಅಕ್ಕಾರ, ಅವ್ರು ಬೈಯಾಕ ಬಂದಾರ!"

"ಬೈಲಿ. ಕುಂತು ಬೈಲಿ. ಕೇಳ ನೀ."

ಸುಜಾತಾ ಹೇಗೆ ಹೇಳಿದಳೋ ಗೊತ್ತಿಲ್ಲ. ಬಹಳ ಹೊತ್ತು ಹೇಳಿದಳು. ಗದ್ದಲಕ್ಕೆ ಕ್ಷಮೆ ಕೇಳಿದಳು, ಯೇನಾದ ಹೆಸರು ಬಂತು, ಬಸಪ್ಪನವರ ಹೆಸರು ಬಂತು. ನಾನು ಚಿತ್ರದ ಪುಸ್ತಕ ತಂದು ಅವರ ಮುಂದೆ ತೆರೆದಿಟ್ಟೆ. ಅವರು ಆ ಜಟ್ಟಿಯ ಮುರಿದ ಮೂಗನ್ನು ನೋಡಿದರು, ತಮ್ಮ ಕೈಗಳನ್ನು ನೋಡಿಕೊಂಡರು. ಎಷ್ಟು ಹೊತ್ತು ಎಂದು ಕೇಳಿದರು. ಒಂದು ಗಂಟೆ ಎಂದೆ. ಸದ್ದು ಮಾಡಬಾರದು ಎಂದರು. ಮಾಡುವುದಿಲ್ಲ ಎಂದೆ. ಆಮೇಲೆ ಅವರು ಅಂಗಿ ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟು ಮತ್ತೆ ಅದೇ ರೀತಿ ಕೂತರು.

ಜೀವಮಾನವೆಲ್ಲ ಮನೆಗಳ ಛಾವಣಿಗೆ ಹೆಂಚು ಹೊದಿಸಿದ ಬೆನ್ನು ಅದು. ಬಿಸಿಲಿಗೆ ಸುಟ್ಟು ಕಂದಿದ ಗುರುತು ಇನ್ನೂ ಕುತ್ತಿಗೆಯ ಮೇಲಿತ್ತು. ನಾನು ಹಿಂಭಾಗದಿಂದ ಶುರು ಮಾಡಿದೆ. ಹಿಂದೆಂದೂ ಹಾಗೆ ಮಾಡಿರಲಿಲ್ಲ. ಬೆನ್ನು ಮುಗಿದ ಮೇಲೆ ಹೆಗಲು, ಆಮೇಲೆ ಎದೆ, ತೋಳು. ಮುಖಕ್ಕೆ ಬಸಪ್ಪನವರ ಫೋಟೊಗಳಿದ್ದವು. ಕಿವಿಗಳನ್ನು ಫೋಟೊದಲ್ಲಿದ್ದಂತೆಯೇ ಮಾಡಿದೆ. ಒಂದು ಗಂಟೆ ಎಂದದ್ದು ಎರಡು ಗಂಟೆಯಾಯಿತು. ಅವರು ಕದಲಲಿಲ್ಲ. ಗಿರೀಶ ಬಾಗಿಲಲ್ಲಿ ಒದ್ದೆ ತಲೆಯಲ್ಲಿ ನಿಂತವನು ಒಳಗೆ ಬರಲೂ ಹೆದರಿ ಹಾಗೇ ನಿಂತಿದ್ದ.

ನಡುವೆ ಒಮ್ಮೆ ಹೆರ್ ಬ್ರಾಂಡಲ್ ತಾವಾಗಿಯೇ ಮಾತಾಡಿದರು. ಸುಜಾತಾ ಮೆಲ್ಲಗೆ ಕನ್ನಡಿಸಿದಳು. ಕೆಲಸ ಮುಗಿದ ಮೇಲೆ ಅವರೆಲ್ಲ ಛಾವಣಿಯ ತುದಿಯಲ್ಲಿ ಹೀಗೇ ಕೂರುತ್ತಿದ್ದರಂತೆ, ಏಣಿ ಇಳಿಯಲು ಬೇಕಾದ ಶಕ್ತಿ ಮೈಗೆ ಬರುವ ತನಕ. ಆಗ ಯಾರೂ ಮಾತಾಡುತ್ತಿರಲಿಲ್ಲವಂತೆ. ಆ ಹೊತ್ತಿನಲ್ಲಿ ತಮ್ಮ ಚಿತ್ರವನ್ನು ಯಾರಾದರೂ ಬಿಡಿಸುತ್ತಾರೆ ಎಂದು ಕನಸಲ್ಲೂ ಎಣಿಸಿರಲಿಲ್ಲ ಎಂದರು.

ಮುಗಿದಾಗ ಅವರು ಎದ್ದು ಮಾದರಿಯ ಸುತ್ತ ಒಂದು ಸುತ್ತು ಬಂದರು. ಬೆನ್ನಿನ ಹತ್ತಿರ ನಿಂತು ನೋಡಿದರು. ಯಾರಿಗೂ ತನ್ನ ಬೆನ್ನು ಕಾಣುವುದಿಲ್ಲವಲ್ಲ, ಅವರು ಅದನ್ನು ಮೊದಲ ಸಲ ನೋಡುತ್ತಿದ್ದರು. ಸುಜಾತಾ ಬಡಿಸಿದ ಜೋಳದ ರೊಟ್ಟಿ, ಎಣ್ಣೆಗಾಯಿ ಪೂರ್ತಿ ಊಟ ಮಾಡಿ ಅಂಗಿ ತೊಟ್ಟುಕೊಂಡು ಇಳಿದು ಹೋದರು. ಬಾಗಿಲಲ್ಲಿ ತಿರುಗಿ ಹೇಳಿದ್ದು ಒಂದೇ ಮಾತು: ಇನ್ನು ಬಡಿಯುವುದಿದ್ದರೆ ಸೋಮವಾರ.

ಸೋಮವಾರ

ಬಡಿಯುವ ಕೆಲಸ ಉಳಿದಿರಲಿಲ್ಲ. ಉಳಿದದ್ದು ನೀಲವ್ವನಿಗೆ ತೋರಿಸುವ ಕೆಲಸ. ಊರಲ್ಲಿ ಊಟದ ಹೊತ್ತು ಮುಗಿದಿರಬೇಕು ಎಂದು ಲೆಕ್ಕ ಹಾಕಿ ವಿಡಿಯೋ ಕರೆ ಮಾಡಿದೆ. ಅವರ ಸೊಸೆ ಫೋನ್ ಎತ್ತಿ ಅತ್ತೆಯ ಕೈಗೆ ಕೊಟ್ಟಳು. ಮೊದಲು ಹಣೆ ಮಾತ್ರ ಕಂಡಿತು, ಆಮೇಲೆ ತೊಲೆ, ಆಮೇಲೆ ನೀಲವ್ವ.

"ಪರದೇಶಕ್ಕ ಹೋಗೀಯಂತಲ್ಲವ್ವಾ. ಉಣ್ಣಾಕ ಏನ್ ಕೊಡ್ತಾರ ಅಲ್ಲಿ?"

"ರೊಟ್ಟಿನ ಅಜ್ಜಿ. ನಮ್ಮ ತಮ್ಮನ ಮನ್ಯಾಗ ಅದೀನಿ. ನಿಮಗ ಒಂದು ತೋರಸ್ತೀನಿ. ಚಂದ ಇಲ್ಲಂದ್ರ ಇಲ್ಲ ಅನ್ರಿ. ಈ ಸರ್ತಿ ಅವ್ರು ನಿಂತಿಲ್ಲ, ಗದಿನೂ ಇಲ್ಲ. ಕುಂತಾರ."

ಸುಜಾತಾ ಫೋನ್ ಹಿಡಿದು ಮೆಲ್ಲಗೆ ಮಾದರಿಯ ಸುತ್ತ ತಿರುಗಿದಳು. ಬೆನ್ನಿನ ಕಡೆಯಿಂದ ಶುರು ಮಾಡಿ ಹೆಗಲಿಗೆ ಬಂದಳು, ಆಮೇಲೆ ಮೇಲೆ ನೋಡುವ ಮುಖಕ್ಕೆ. ಕರೆ ಕಡಿಯಿತೇನೋ ಎಂದು ನಾನು ಪರದೆಗೆ ಬಗ್ಗಿ ನೋಡಿದೆ. ನೀಲವ್ವ ಅಲ್ಲೇ ಇದ್ದರು.

ಅವರು ಫೋನಿನಿಂದ ಕಣ್ಣು ತೆಗೆಯದೆ ಒಳಗಿನ ಕಡೆಗೆ ಕೂಗಿದರು. "ತಂಗೆವ್ವಾ, ಒಂದ ತಂಬಗಿ ನೀರ ತಾ."

"ಯಾರಿಗ್ರಿ ಅತ್ತಿ?" ಎಂದು ಸೊಸೆಯ ದನಿ ಕೇಳಿತು.

ಸೊಸೆ ತಂಬಿಗೆ ಹಿಡಿದು ಬಂದು ಪರದೆಯ ಅಂಚಿನಲ್ಲಿ ನಿಂತಳು, ಯಾರಿಗೆ ಕೊಡಬೇಕೆಂದು ತಿಳಿಯದೆ ಅತ್ತಿತ್ತ ನೋಡಿದಳು. ನೀಲವ್ವ ಅದನ್ನು ಇಸಿದುಕೊಂಡರು. ಸ್ವಲ್ಪ ಹೊತ್ತು ಫೋನಿನ ಕಡೆಗೇ ಚಾಚಿ ಹಿಡಿದಿದ್ದರು. ಆಮೇಲೆ ತಾವೇ ಎತ್ತಿ ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು. ಅದೇ ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡರು.

"ಕಮಿಟಿಯವ್ರು ನಿಲ್ಲಸ್ರಿ ಅಂತಾರ ಅಜ್ಜಿ" ಎಂದೆ.

"ನಿಂತಿದ್ದನ್ನ ಊರ ಮಂದಿ ಎಲ್ಲಾ ನೋಡ್ಯಾರ. ಕುಂತಿದ್ದನ್ನ ನಾ ಒಬ್ಬಾಕಿನ ನೋಡೀನಿ. ಅವ್ರಿಗೆ ನಾ ಹೇಳ್ತೀನಿ ಬಿಡು." ಅವರು ಫೋನನ್ನು ಇನ್ನಷ್ಟು ಮುಖದ ಹತ್ತಿರ ಹಿಡಿದರು. "ಕಂಚಿನಾಗ ಹೊಯ್ಯಾಕ ಎಷ್ಟ ದಿನಾ ಬೇಕವ್ವಾ?"

"ಮೂರ ನಾಕ ತಿಂಗಳು ಹಿಡಿತೈತಿ ಅಜ್ಜಿ."

"ಲಗೂ ಬಾ ಹಂಗಾರ" ಎಂದರು ನೀಲವ್ವ. "ಅಲ್ಲೇ ಊರ ನೋಡಕೋತ ಕೂಡಬ್ಯಾಡ."